ಎರಡು ಬೆದೆಯಲ್ಲೂ ಗಬ್ಬ ನಿಲ್ಲಲಿಲ್ಲ: ಹೆಣ್ಣು ನಾಯಿ ಬರಡಾಯಿತೇ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಹೆಣ್ಣಿಗೆ ಈಗ ನಾಲ್ಕೂವರೆ ವರ್ಷ. ಎರಡೂವರೆ ವರ್ಷವಿದ್ದಾಗ ಮೊದಲ ಸಲ ಕೂಡಿಸಿದೆವು, ಆರು ಮರಿ ಹಾಕಿತು. ಆಮೇಲಿನ ಎರಡು ಬೆದೆಯಲ್ಲಿ ಅದೇ ಗಂಡಿನ ಜೊತೆ, ಮೊದಲಿನಂತೆಯೇ ರಕ್ತ ಕಂಡ 10 ಮತ್ತು 12ನೇ ದಿನ ಕೂಡಿಸಿದರೂ ಮರಿಯಾಗಿಲ್ಲ. ಪ್ರತಿ ಸಲವೂ ಕಾಲು ಗಂಟೆ ಲಾಕ್ ಆಗಿತ್ತು. ಹೊಟ್ಟೆ ಉಬ್ಬಿತು, ಮೊಲೆಯಲ್ಲಿ ಹಾಲೂ ಬಂತು, ಮರಿ ಮಾತ್ರ ಇಲ್ಲ. ಸ್ಕ್ಯಾನ್ ಮಾಡಿಸಿಲ್ಲ. ಗಂಡಿಗೆ ಎಂಟೂವರೆ ವರ್ಷ. ಕಳೆದ ವರ್ಷ ಅದರಿಂದ ಬೇರೊಂದು ಹೆಣ್ಣಿಗೆ ಮೂರು ಮರಿ ಆಗಿವೆ. ಯೋನಿಯ ಸ್ವಾಬ್‌ನಲ್ಲಿ ಬ್ಯಾಕ್ಟೀರಿಯಾ ಇದೆಯೆಂದು ಹತ್ತು ದಿನ ಆಂಟಿಬಯೋಟಿಕ್ ಕೊಟ್ಟಾಯಿತು. ಈಗ ಹಾರ್ಮೋನ್ ಇಂಜೆಕ್ಷನ್ ಕೊಡಿಸಿ, ಥೈರಾಯ್ಡ್ ಮಾತ್ರೆ ಶುರುಮಾಡಿ ಎನ್ನುತ್ತಿದ್ದಾರೆ. ಬೆದೆ ಏಳು ತಿಂಗಳಿಗೊಮ್ಮೆ ಸರಿಯಾಗಿ ಬರುತ್ತಿದೆ. ಅಂದಹಾಗೆ, ಮೊದಲ ಹೆರಿಗೆ ಎರಡನೇ ಕೂಡಿಕೆಯಾದ 67ನೇ ದಿನಕ್ಕೆ ಆಗಿತ್ತು. ಇದು ಬರಡಾಗಿದೆಯೇ?

ಉತ್ತರ: ಇಂಜೆಕ್ಷನ್ನನ್ನೂ ಮಾತ್ರೆಯನ್ನೂ ಸದ್ಯಕ್ಕೆ ಬದಿಗಿಡಿ. ಕೊನೆಯಲ್ಲಿ 'ಅಂದಹಾಗೆ' ಎಂದು ಸೇರಿಸಿದ್ದೀರಲ್ಲ, ಆ 67 ದಿನದ ಅಂಕಿಯೇ ನಿಮ್ಮ ಪತ್ರದಲ್ಲಿರುವ ದೊಡ್ಡ ಸುಳಿವು.

ನಾಯಿಯ ಹೆರಿಗೆಯ ದಿನ ಕೂಡಿಕೆಯ ದಿನವನ್ನು ನೋಡಿ ಬರುವುದಿಲ್ಲ, ಅಂಡ ಬಿಡುಗಡೆಯಾದ ದಿನವನ್ನು ನೋಡಿ ಬರುತ್ತದೆ. ಅಂಡ ಬಿಟ್ಟಲ್ಲಿಂದ 63ನೇ ದಿನಕ್ಕೆ, ಒಂದು ದಿನ ಆಚೀಚೆ, ಮರಿ ಹಾಕುತ್ತದೆ. ಕೂಡಿಕೆಯಿಂದ ಎಣಿಸಿದರೆ ಇದೇ ಲೆಕ್ಕ 57ರಿಂದ 72 ದಿನದವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ನಿಮ್ಮ ಹೆಣ್ಣು 12ನೇ ದಿನ ಕೂಡಿ 67 ದಿನಕ್ಕೆ ಹೆತ್ತಿದೆ. 67ರಲ್ಲಿ 63 ಕಳೆಯಿರಿ: ಅಂಡ ಬಿಡುಗಡೆಯಾದದ್ದು ಆ ಕೂಡಿಕೆಯ ನಾಲ್ಕು ದಿನದ ಮೇಲೆ, ಅಂದರೆ ಬೆದೆಯ ಸುಮಾರು 16ನೇ ದಿನ. ಅಷ್ಟಕ್ಕೇ ಮುಗಿಯಲಿಲ್ಲ. ನಾಯಿಯ ಅಂಡ ಬಲಿಯದೆಯೇ ಹೊರಬೀಳುತ್ತದೆ. ಬೇರೆ ಸಾಕುಪ್ರಾಣಿಗಳಲ್ಲಿ ಹೀಗಿಲ್ಲ. ಅಂಡನಾಳದಲ್ಲಿ ಇನ್ನೂ ಎರಡು ಮೂರು ದಿನ ಕಳೆದ ಮೇಲಷ್ಟೇ ವೀರ್ಯಾಣು ಅದರೊಳಗೆ ಹೋಗಲು ಸಾಧ್ಯ. ಹಾಗಾಗಿ ನಿಮ್ಮ ಹೆಣ್ಣಿನ ಅಂಡ ಸಿದ್ಧವಾದದ್ದು 18ನೇ ದಿನದ ಹೊತ್ತಿಗೆ. 12ನೇ ದಿನ ಒಳಹೋದ ವೀರ್ಯಾಣು ಅಲ್ಲಿಯವರೆಗೆ ಆರು ದಿನ ಜೀವ ಹಿಡಿದು ಕಾದಿದೆ.

ಗಟ್ಟಿಮುಟ್ಟಾದ ಗಂಡಿನ ವೀರ್ಯಾಣು ಹೆಣ್ಣಿನ ಒಳಗೆ ಐದಾರು ದಿನ, ಒಮ್ಮೊಮ್ಮೆ ಏಳು ದಿನ ಬದುಕುತ್ತದೆ. ವಯಸ್ಸಾದ ಗಂಡಿನದ್ದು ಅಷ್ಟು ಕಾಯುವುದಿಲ್ಲ. ಮೊದಲ ಸಲವೂ ನಿಮ್ಮ ದಿನದ ಲೆಕ್ಕ ತಪ್ಪೇ ಇತ್ತು, ಆರೂವರೆ ವರ್ಷದ ಗಂಡಿನ ಒಳ್ಳೆಯ ವೀರ್ಯ ಆ ತಪ್ಪನ್ನು ಮುಚ್ಚಿಹಾಕಿತು. ಈಗ ಗಂಡಿಗೆ ಎಂಟೂವರೆ. ತಪ್ಪು ಅದೇ ಇದೆ, ಮುಚ್ಚುವ ಶಕ್ತಿ ಕುಂದಿದೆ. ನಿಮ್ಮ ವಿಷಯದಲ್ಲಿ ನನ್ನ ಮೊದಲ ಗುಮಾನಿ ಇದು. ಗುಮಾನಿ ಎಂದೇ ಹೇಳುತ್ತೇನೆ, ಏಕೆಂದರೆ ಒಂದೇ ಹೆಣ್ಣು ಪ್ರತಿ ಬೆದೆಯಲ್ಲೂ ಅದೇ ದಿನ ಅಂಡ ಬಿಡುತ್ತದೆ ಎಂಬ ಖಾತರಿ ಇಲ್ಲ. ಖಚಿತಪಡಿಸಿಕೊಳ್ಳುವ ದಾರಿ ಮಾತ್ರ ಇದೆ.

ತಳಿ ನಾಯಿಗಳಲ್ಲಿ ಗಬ್ಬ ನಿಲ್ಲದಿರುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ರೋಗವಲ್ಲ, ತಪ್ಪು ದಿನ. '10ಕ್ಕೆ ಒಮ್ಮೆ, 12ಕ್ಕೆ ಒಮ್ಮೆ' ಎಂಬ ರೂಢಿ ಬಂದದ್ದು ಸರಾಸರಿಯಿಂದ. ರಕ್ತ ಬರುವ ಮೊದಲ ಹಂತ ಸರಾಸರಿ ಒಂಬತ್ತು ದಿನ ಎಂಬುದು ನಿಜ. ಆದರೆ ಮೂರೇ ದಿನಕ್ಕೆ ಅದನ್ನು ಮುಗಿಸುವ ಹೆಣ್ಣೂ ಇದೆ, ಹದಿನೇಳು ದಿನಕ್ಕೂ ಹೆಚ್ಚು ಎಳೆಯುವುದೂ ಇದೆ. 5ನೇ ದಿನವೇ ಅಂಡ ಬಿಟ್ಟ ಹೆಣ್ಣಿನಲ್ಲಿ 12ನೇ ದಿನದ ಹೊತ್ತಿಗೆ ಅಂಡ ಸತ್ತಿರುತ್ತದೆ. ಸಾಲದ್ದಕ್ಕೆ, ತನ್ನನ್ನು ತಾನೇ ನೆಕ್ಕಿ ಚೊಕ್ಕಟ ಮಾಡಿಕೊಳ್ಳುವ ನಾಯಿಯಲ್ಲಿ ರಕ್ತ ನಮ್ಮ ಕಣ್ಣಿಗೆ ಬೀಳುವುದೇ ಎರಡು ಮೂರು ದಿನ ತಡವಾಗಿ. ಬಾಲ ಪಕ್ಕಕ್ಕೆ ಸರಿಸಿ ನಿಲ್ಲುವುದು, ಸ್ರಾವ ತಿಳಿಯಾಗುವುದು, ಗಂಡು ಆಸೆಪಡುವುದು, ಲಾಕ್ ಆಗುವುದು: ಇವೆಲ್ಲ ಹೆಣ್ಣು ಒಪ್ಪಿದೆ ಎಂದು ಹೇಳುತ್ತವೆಯೇ ಹೊರತು ಅಂಡ ಸಿದ್ಧವಿದೆ ಎಂದಲ್ಲ. ಹೆಣ್ಣು ಒಪ್ಪದೆ ಗುರ್ರೆಂದಾಗ ಹಿಡಿದುಕೊಟ್ಟು ಕೂಡಿಸುವುದಂತೂ ಅದು ಕೊಡುತ್ತಿರುವ ಮಾಹಿತಿಯನ್ನೇ ತಳ್ಳಿಹಾಕಿದಂತೆ. ಬಹಳ ಸಲ ಅದರ ಅರ್ಥ 'ಇನ್ನೂ ದಿನ ಬಂದಿಲ್ಲ' ಎಂಬುದಷ್ಟೇ.

ಮುಂದಿನ ಬೆದೆಗೆ ಹೀಗೆ ಮಾಡಿ. ಬೆದೆಯ ತಿಂಗಳು ಹತ್ತಿರವಾದಂತೆ ದಿನಾ ಬೆಳಿಗ್ಗೆ ಬಿಳಿ ಟಿಶ್ಯೂ ಒತ್ತಿ ನೋಡಿ, ಮೊದಲ ಬಣ್ಣ ಕಂಡ ದಿನವನ್ನು ಬರೆದಿಡಿ. 5ನೇ ದಿನ ವೈದ್ಯರ ಬಳಿ ಯೋನಿಯ ಕೋಶಗಳ ಸ್ಲೈಡ್ ಮಾಡಿಸಿ. ಶುರುವಿನಲ್ಲಿ ದುಂಡಗಿನ ಚಿಕ್ಕ ಕೋಶಗಳೂ ಕೆಂಪು ರಕ್ತಕಣಗಳೂ ಕಾಣುತ್ತವೆ. ಬೆದೆ ಬಲಿತಂತೆ ಅಂಚು ಮಡಚಿದ, ಒಣಗಿದ ಎಲೆಯಂಥ ಚಪ್ಪಟೆ ಕೋಶಗಳು ಹೆಚ್ಚುತ್ತವೆ. ಇವು ಶೇ. 80-90 ಮುಟ್ಟಿದರೆ ಕೂಡಿಕೆಯ ಕಾಲ ಹತ್ತಿರ ಬಂದಿದೆ ಎಂದರ್ಥ. ಸ್ಲೈಡ್ ಅಗ್ಗದ, ಬೇಗ ಮುಗಿಯುವ ಪರೀಕ್ಷೆ, ಆದರೆ ಅಂಡ ಯಾವ ದಿನ ಬಿಟ್ಟಿತೆಂದು ಅದು ಮುಂಗಡ ಹೇಳಲಾರದು. ಅದಕ್ಕೆ ರಕ್ತದ ಪ್ರೊಜೆಸ್ಟರಾನ್ (ಅಂಡ ಬಿಡುವ ಹೊತ್ತಿಗೆ ಏರುವ ಹಾರ್ಮೋನು) ಪರೀಕ್ಷೆಯೇ ಬೇಕು.

ಪ್ರೊಜೆಸ್ಟರಾನನ್ನು 6ನೇ ದಿನದ ಸುಮಾರಿಗೆ ಶುರುಮಾಡಿ, ಎರಡು ಮೂರು ದಿನಕ್ಕೊಮ್ಮೆ ನೋಡಿ. ಮಿಲಿಲೀಟರಿಗೆ 1 ನ್ಯಾನೋಗ್ರಾಂ ಒಳಗಿದ್ದರೆ ಇನ್ನೂ ಕಾಲವಿದೆ. 2ರಿಂದ 3 ಮುಟ್ಟಿದ ದಿನ, ಅಂಡ ಬಿಡಿಸುವ ಎಲ್‌ಎಚ್ ಹಾರ್ಮೋನು ಏರಿದ ದಿನ. ಅದನ್ನು ಸೊನ್ನೆ ಎಂದು ಗುರುತು ಹಾಕಿ. ಅಲ್ಲಿಂದ ಎರಡು ದಿನಕ್ಕೆ ಅಂಡ ಬಿಡುಗಡೆ, ಆಗ ಅಂಕಿ ಸಾಮಾನ್ಯವಾಗಿ 5ರ ಆಸುಪಾಸಿನಲ್ಲಿ, 4ರಿಂದ 10ರ ನಡುವೆ ಇರುತ್ತದೆ. ನೇರ ಕೂಡಿಕೆಯಾದರೆ ಸೊನ್ನೆಯಿಂದ 4ನೇ ದಿನ ಒಮ್ಮೆ, 6ನೇ ದಿನ ಮತ್ತೊಮ್ಮೆ. ತಣ್ಣಗಿಟ್ಟು ಕಳುಹಿಸಿದ ವೀರ್ಯ ಎರಡು ದಿನದಷ್ಟೇ ಬಾಳುವುದರಿಂದ 4 ಮತ್ತು 5ನೇ ದಿನ. ಹೆಪ್ಪುಗಟ್ಟಿಸಿದ ವೀರ್ಯ ಕರಗಿಸಿದ ಮೇಲೆ ಒಂದು ದಿನವೂ ತಾಳುವುದು ಕಷ್ಟ. ಅದನ್ನು 5 ಅಥವಾ 6ನೇ ದಿನ ನೇರವಾಗಿ ಗರ್ಭಕೋಶಕ್ಕೇ ಬಿಡಬೇಕು.

ಈ ಪರೀಕ್ಷೆಯಲ್ಲಿ ಎಡವುವ ಜಾಗಗಳು ಮೂರಿವೆ. ಅಂಕಿ 2 ಬಂದೊಡನೆ ಪರೀಕ್ಷೆ ನಿಲ್ಲಿಸಿಬಿಡುತ್ತಾರೆ. ಕೆಲವು ಹೆಣ್ಣುಗಳಲ್ಲಿ ಅದು ಅಲ್ಲೇ ಒಂದೆರಡು ದಿನ ತೂಗಾಡುತ್ತದೆ, ಕೆಲವದರಲ್ಲಿ ಕೆಳಗೂ ಇಳಿಯುತ್ತದೆ. 5 ದಾಟುವವರೆಗೆ ನೋಡಿದರೆ ಮಾತ್ರ ಅಂಡ ಬಿಟ್ಟದ್ದು ಖಾತರಿ. ಇನ್ನೊಂದು, ಒಂದು ದಿನ ಒಂದು ಲ್ಯಾಬ್, ಮರುದಿನ ಇನ್ನೊಂದು. ಯಂತ್ರದಿಂದ ಯಂತ್ರಕ್ಕೆ ಅಂಕಿ ಬದಲಾಗುತ್ತದೆ, ಆದ್ದರಿಂದ ಒಂದೇ ಕಡೆ ಮಾಡಿಸಿ. ವರದಿಯಲ್ಲಿ ನ್ಯಾನೋಮೋಲ್ ಎಂದಿದ್ದರೆ 3.18ರಿಂದ ಭಾಗಿಸಿ, ಈ ಏಕಮಾನದ ಗೊಂದಲದಲ್ಲೇ ಬೆದೆ ಕಳೆದುಕೊಂಡವರಿದ್ದಾರೆ. ಮೂರನೆಯದು ಟ್ಯೂಬ್. ಒಳಗೆ ಜೆಲ್ ಇರುವ ಟ್ಯೂಬ್ ಹಾರ್ಮೋನನ್ನು ಹೀರಿಕೊಂಡು ಅಂಕಿಯನ್ನು ಕಡಿಮೆ ತೋರಿಸಬಲ್ಲದು. ಜೆಲ್ ಇಲ್ಲದ ಸಾದಾ ಟ್ಯೂಬ್‌ನಲ್ಲಿ ತೆಗೆಸಿ, ಸೀರಮ್ಮನ್ನು ಬೇಗ ಬೇರ್ಪಡಿಸಲು ಹೇಳಿ.

ಕೂಡಿಸಿದ ಮೇಲೂ ನಾಲ್ಕೈದು ದಿನ ಸ್ಲೈಡ್ ಮುಂದುವರಿಸಿದರೆ ಒಂದು ಲಾಭವಿದೆ. ಅಂಡ ಬಿಟ್ಟ ಸುಮಾರು ಆರು ದಿನಕ್ಕೆ ಚಪ್ಪಟೆ ಕೋಶಗಳು ಒಂದೇ ದಿನದಲ್ಲಿ ಅರ್ಧಕ್ಕಿಂತ ಕೆಳಗಿಳಿದು ದುಂಡು ಕೋಶಗಳೂ ಬಿಳಿ ರಕ್ತಕಣಗಳೂ ಮರಳುತ್ತವೆ. ಆ ದಿನದಿಂದ ಹಿಂದಕ್ಕೆ ಎಣಿಸಿದರೆ ನೀವು ಕೂಡಿಸಿದ ದಿನ ಸರಿಯಿತ್ತೇ ಎಂದು ಗೊತ್ತಾಗುತ್ತದೆ. ಮುಂದಕ್ಕೆ 57 ದಿನ ಎಣಿಸಿದರೆ ಹೆರಿಗೆಯ ದಿನ.

ಇನ್ನು ಗಂಡು. 'ಕಳೆದ ವರ್ಷ ಮರಿ ಹುಟ್ಟಿವೆ' ಎಂಬುದು ಕಳೆದ ವರ್ಷದ ಪ್ರಮಾಣಪತ್ರ, ಈ ವರ್ಷದ್ದಲ್ಲ. ಅದೂ ಮೂರೇ ಮರಿ. ಲ್ಯಾಬ್ರಡಾರ್ ಗಾತ್ರದ ತಳಿಗೆ ಅದು ಕಡಿಮೆ. ಆ ಹೆಣ್ಣಿನ ಕಾರಣವೂ ಇರಬಹುದು, ಆದರೂ ವೀರ್ಯ ಪರೀಕ್ಷೆ ಮಾಡಿಸದೆ ಮುಂದಿನ ಬೆದೆಗೆ ಇದೇ ಗಂಡನ್ನು ನಂಬಬೇಡಿ. ಹೆಣ್ಣಿಗೆ ಹತ್ತು ಪರೀಕ್ಷೆ ಮಾಡಿಸಿ ಗಂಡಿಗೆ ಒಂದೂ ಮಾಡಿಸದಿರುವುದು ನಾಯಿ ಸಾಕುವವರಲ್ಲೂ ಇರುವ ಹಳೆಯ ಚಾಳಿ.

ಗಂಡಿನ ವೀರ್ಯ ಮೂರು ಭಾಗವಾಗಿ ಬರುತ್ತದೆ: ಮೊದಲು ಸ್ವಲ್ಪ ತಿಳಿನೀರು, ಆಮೇಲೆ ಹಾಲಿನಂಥ ವೀರ್ಯಾಣು ತುಂಬಿದ ಭಾಗ, ಕೊನೆಗೆ ಹೆಚ್ಚು ಪ್ರಮಾಣದಲ್ಲಿ ಪ್ರಾಸ್ಟೇಟ್ ಗ್ರಂಥಿಯ ತಿಳಿ ದ್ರವ. ಎರಡನೆಯದನ್ನು ಬೇರೆ ಹಿಡಿದು ನೋಡಬೇಕು. ಒಟ್ಟು ವೀರ್ಯಾಣು 30 ಕೋಟಿಗಿಂತ ಹೆಚ್ಚಿರಬೇಕು, ದೊಡ್ಡ ತಳಿಯಲ್ಲಿ ಇನ್ನೂ ಜಾಸ್ತಿ. ಮುಂದಕ್ಕೆ ನೇರ ಈಜುವಂಥವು ಶೇ. 70 ದಾಟಬೇಕು, ಆಕಾರ ಸರಿಯಿರುವಂಥವು ಶೇ. 80. ಆಕಾರ ಸರಿಯಿರುವುದು ಶೇ. 60ಕ್ಕಿಂತ ಕೆಳಗಿಳಿದರೆ ಗಬ್ಬ ನಿಲ್ಲುವ ಸಾಧ್ಯತೆ ಕುಸಿಯುತ್ತದೆ. ಬರೀ 'ಚಲನೆ ಚೆನ್ನಾಗಿದೆ' ಎಂಬ ಒಂದು ಸಾಲಿನ ವರದಿ ಒಪ್ಪಿಕೊಳ್ಳಬೇಡಿ, ಎಣಿಕೆ ಮತ್ತು ಆಕಾರ ಎರಡನ್ನೂ ಕೇಳಿ.

ಕೆಟ್ಟ ವರದಿ ಬಂದರೂ ತಕ್ಷಣ ಕೈಬಿಡಬೇಡಿ. ತಣ್ಣನೆಯ ಸ್ಲೈಡ್, ನೀರಿನ ಹನಿ, ಸೋಪಿನ ಅಂಶ, ಮೂತ್ರ, ಜಾರಿಕೆಗೆ ಹಚ್ಚಿದ ಜೆಲ್: ಇವುಗಳಲ್ಲಿ ಯಾವುದೊಂದು ತಗುಲಿದರೂ ಒಳ್ಳೆಯ ವೀರ್ಯಾಣು ಸಾಯುತ್ತದೆ, ಇಲ್ಲವೇ ಈಜು ನಿಲ್ಲಿಸುತ್ತದೆ. ಸ್ಲೈಡ್ 37 ಡಿಗ್ರಿಗೆ ಬೆಚ್ಚಗಿರಬೇಕು. ತಿಂಗಳುಗಟ್ಟಲೆ ಕೂಡದ ಗಂಡಿನ ಮೊದಲ ವೀರ್ಯದಲ್ಲಿ ಹಳಸಿದ, ತಲೆ ಕಳಚಿದ ವೀರ್ಯಾಣುಗಳೇ ಹೆಚ್ಚು. ಎರಡು ಮೂರು ದಿನ ಬಿಟ್ಟು ಮತ್ತೆ ತೆಗೆದು ನೋಡಬೇಕು. ಒಂದೂ ವೀರ್ಯಾಣು ಕಾಣದಿದ್ದರೆ ಆ ದ್ರವದಲ್ಲಿ ಆಲ್ಕಲೈನ್ ಫಾಸ್ಫಟೇಸ್ (ವೀರ್ಯಾಣು ಹಾದುಬರುವ ನಾಳದಿಂದ ಬರುವ ಕಿಣ್ವ) ಅಳೆಸಿ. ಲೀಟರಿಗೆ 5,000 ಯೂನಿಟ್ ಮೀರಿದ್ದರೆ ವೃಷಣದಿಂದ ಹೊರಬರುವ ದಾರಿ ತೆರೆದಿದೆ, ವೃಷಣವೇ ವೀರ್ಯಾಣು ತಯಾರಿಸುತ್ತಿಲ್ಲ. ಬಹಳ ಕಡಿಮೆ ಇದ್ದರೆ ದಾರಿ ಕಟ್ಟಿದೆ, ಇಲ್ಲವೇ ಅಂದು ವೀರ್ಯ ಪೂರ್ತಿ ಬಂದಿಲ್ಲ.

ಎಂಟೂವರೆ ವರ್ಷದ ಗಂಡಿನಲ್ಲಿ ಪ್ರಾಸ್ಟೇಟ್ ಊದಿರುವುದು ಮಾಮೂಲು. ವೀರ್ಯದಲ್ಲಿ ರಕ್ತ ಅಥವಾ ಕಂದು ಬಣ್ಣ, ಮಲ ವಿಸರ್ಜನೆಗೆ ತಿಣುಕುವುದು ಅದರ ಗುರುತು. ಫಿನಾಸ್ಟರೈಡ್ ಮಾತ್ರೆಯಿಂದ ಅದು ಕುಗ್ಗುತ್ತದೆ, ವೀರ್ಯಾಣುವಿಗೆ ಧಕ್ಕೆಯಿಲ್ಲ. ಎರಡೂ ವೃಷಣಗಳನ್ನು ತಿಂಗಳಿಗೊಮ್ಮೆ ಕೈಯಲ್ಲಿ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಂದು ದೊಡ್ಡದಾಗಿ ಇನ್ನೊಂದು ಮೆತ್ತಗೆ ಕುಗ್ಗಿದ್ದರೆ ಗಡ್ಡೆಯ ಅನುಮಾನ, ಮುಟ್ಟಿದರೆ ನೋವಾದರೆ ಸೋಂಕಿನ ಅನುಮಾನ. ಹಿಂದೆ ಜೋರು ಜ್ವರ ಬಂದಿತ್ತೇ, ಸ್ಟಿರಾಯ್ಡ್ ಅಥವಾ ಶಿಲೀಂಧ್ರದ ಔಷಧಿ ಕೀಟೋಕೊನಜೋಲ್ ಕೊಟ್ಟಿದ್ದಿರಾ ಎಂದು ನೆನಪು ಮಾಡಿಕೊಳ್ಳಿ. ವೀರ್ಯಾಣು ತಯಾರಾಗಲು ಸುಮಾರು 62 ದಿನ, ಹೊರಬರುವ ಮುನ್ನ ವೃಷಣಕ್ಕೆ ಅಂಟಿದ ನಾಳವಾದ ಎಪಿಡಿಡಿಮಿಸ್‌ನಲ್ಲಿ ಬಲಿಯಲು ಇನ್ನೆರಡು ವಾರ ಬೇಕು. ಆದ್ದರಿಂದ ಇವತ್ತಿನ ಕೆಟ್ಟ ವೀರ್ಯಕ್ಕೆ ಎರಡು ತಿಂಗಳ ಹಿಂದಿನ ಜ್ವರ ಕಾರಣವಾಗಿರಬಹುದು, ಚಿಕಿತ್ಸೆಯ ಫಲ ಕಾಣಲೂ ಅಷ್ಟೇ ದಿನ ಕಾಯಬೇಕು. 'ಶಕ್ತಿಗೆ' ಎಂದು ಟೆಸ್ಟೋಸ್ಟರಾನ್ ಇಂಜೆಕ್ಷನ್ ಕೊಡುವುದು ಪೂರ್ತಿ ಉಲ್ಟಾ ಕೆಲಸ: ಹೊರಗಿನಿಂದ ಹಾರ್ಮೋನು ಬಂದರೆ ಮೆದುಳು ವೃಷಣಕ್ಕೆ ಕೊಡುವ ಆಜ್ಞೆ ನಿಲ್ಲಿಸುತ್ತದೆ, ಇದ್ದ ವೀರ್ಯಾಣುವೂ ಹೋಗುತ್ತದೆ.

ಹೊಟ್ಟೆ ಉಬ್ಬಿ ಹಾಲು ಬಂದದ್ದರ ಬಗ್ಗೆ. ಅದು ಗಬ್ಬದ ಸಾಕ್ಷಿಯಲ್ಲ, ಗಬ್ಬ ಹೋಯಿತೆಂಬುದರ ಸಾಕ್ಷಿಯೂ ಅಲ್ಲ. ನಾಯಿಯಲ್ಲಿ ಗಬ್ಬ ನಿಂತರೂ ನಿಲ್ಲದಿದ್ದರೂ ಬೆದೆಯ ನಂತರ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಅದು ಇಳಿದಾಗ ಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಏರಿ ಹಾಲು ಬರುತ್ತದೆ. ಹುಸಿ ಗಬ್ಬ ಎನ್ನುವುದು ಇದನ್ನೇ. ಹೀಗಾಗಿ ನಿಮ್ಮ ಹೆಣ್ಣಿಗೆ ಗಬ್ಬ ನಿಲ್ಲಲೇ ಇಲ್ಲವೋ, ನಿಂತು ಒಳಗೇ ಕರಗಿತೋ ಎಂಬುದು ಈಗ ಯಾರಿಗೂ ಗೊತ್ತಾಗದು. ಎರಡರ ಕಾರಣ ಬೇರೆ, ಚಿಕಿತ್ಸೆ ಬೇರೆ. ಐದನೇ ವಾರದೊಳಗೆ ಸತ್ತ ಭ್ರೂಣ ಹೊರಗೆ ಗುರುತೇ ಬಿಡದೆ ಕರಗಿಹೋಗುತ್ತದೆ. ಮುಂದಿನ ಸಲ 28ನೇ ದಿನದ ಅಲ್ಟ್ರಾಸೌಂಡ್ ತಪ್ಪಿಸಬೇಡಿ. ಮರಿಗಳ ಹೃದಯ ಮಿಡಿಯುವುದು ಅಷ್ಟು ಹೊತ್ತಿಗೆ ಕಾಣುತ್ತದೆ. ಮರಿ ಎಣಿಸಲು ಎಕ್ಸ್‌ರೇ ಬೇಕಿದ್ದರೆ 55ನೇ ದಿನದ ಮೇಲೆ.

ಈಗಲೇ, ಬೆದೆಗೆ ಕಾಯದೆ ಮಾಡಿಸಬೇಕಾದದ್ದು ಬ್ರುಸೆಲ್ಲಾ ಕ್ಯಾನಿಸ್ ರಕ್ತ ಪರೀಕ್ಷೆ, ಗಂಡು ಹೆಣ್ಣು ಎರಡಕ್ಕೂ. ಈ ಬ್ಯಾಕ್ಟೀರಿಯಾ ಹೊಕ್ಕ ಹೆಣ್ಣು ನೋಡಲು ಗುಂಡುಕಲ್ಲಿನ ಹಾಗಿರುತ್ತದೆ. ಗಬ್ಬ ಮೊದಲಲ್ಲೇ ಕರಗಬಹುದು, ಇಲ್ಲವೇ 45ರಿಂದ 59ನೇ ದಿನದ ನಡುವೆ ಕಂದು ಹಾಕಿ ವಾರಗಟ್ಟಲೆ ಸ್ರಾವವಾಗಬಹುದು. ಗಂಡಿನಲ್ಲಿ ಎಪಿಡಿಡಿಮಿಸ್ ಊದಿ, ಕ್ರಮೇಣ ವೃಷಣ ಕುಗ್ಗುತ್ತದೆ. ಆಂಟಿಬಯೋಟಿಕ್‌ನಿಂದ ಪೂರ್ತಿ ಗುಣವಾಗುತ್ತದೆಂದು ಹೇಳಲಾಗದು. ಕೋಶಗಳ ಒಳಗೆ ಅಡಗಿದ್ದು ಮತ್ತೆ ಏಳುತ್ತದೆ. ಮನುಷ್ಯರಿಗೂ ಅಂಟುತ್ತದೆ. ಇದಕ್ಕೆ ರಕ್ತದಲ್ಲಿ ಮಾಡುವ ಆರಂಭಿಕ ಸ್ಲೈಡ್ ಪರೀಕ್ಷೆ ಪಾಸಿಟಿವ್ ಬಂದರೆ ಗಾಬರಿ ಬೇಡ, ಸುಳ್ಳು ಪಾಸಿಟಿವ್ ಸಾಕಷ್ಟು ಬರುತ್ತವೆ, ಇನ್ನೊಂದು ವಿಧಾನದಲ್ಲಿ ಖಚಿತಪಡಿಸಿಕೊಳ್ಳಬೇಕು. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪ್ರತಿಕಾಯ ಹುಟ್ಟಿರುವುದಿಲ್ಲ, ಹೊಸದಾಗಿ ಕೊಟ್ಟ ಆಂಟಿಬಯೋಟಿಕ್ ಕೂಡ ಅದನ್ನು ತಗ್ಗಿಸಬಲ್ಲದು. ನೀವು ಹತ್ತು ದಿನ ಔಷಧಿ ಕೊಟ್ಟಿರುವುದರಿಂದ ನೆಗೆಟಿವ್ ಬಂದರೂ ಎರಡು ಮೂರು ತಿಂಗಳ ಬಳಿಕ ಇನ್ನೊಮ್ಮೆ ಮಾಡಿಸಿ.

ಆ ಆಂಟಿಬಯೋಟಿಕ್ ಬೇಕಾಗಿತ್ತೇ? ಬಹುತೇಕ ಬೇಕಿರಲಿಲ್ಲ. ಆರೋಗ್ಯವಂತ ಹೆಣ್ಣಿನ ಯೋನಿಯಲ್ಲಿ ಈ. ಕೋಲೈ, ಸ್ಟ್ರೆಪ್ಟೋಕಾಕಸ್, ಮೈಕೋಪ್ಲಾಸ್ಮಾ ಎಲ್ಲವೂ ಮಾಮೂಲಿ ವಾಸಿಗಳು. ಸ್ವಾಬ್ ತೆಗೆದರೆ ಏನಾದರೊಂದು ಬೆಳೆದೇ ಬೆಳೆಯುತ್ತದೆ. ದುರ್ವಾಸನೆಯ ಸ್ರಾವ, ಜ್ವರ ಇದ್ದು ಒಂದೇ ಜಾತಿಯದು ದಟ್ಟವಾಗಿ ಬೆಳೆದಿದ್ದರೆ ಮಾತ್ರ ಅದಕ್ಕೆ ಅರ್ಥ. ಸುಮ್ಮನೆ ಔಷಧಿ ಹಾಕಿದರೆ ಸಾಧು ಬ್ಯಾಕ್ಟೀರಿಯಾ ಸತ್ತು, ಔಷಧಿಗೆ ಜಗ್ಗದವು ಜಾಗ ಹಿಡಿಯುತ್ತವೆ.

ಥೈರಾಯ್ಡ್ ಮೇಲೆ ಆರೋಪ ಹೊರಿಸುವುದು ಸುಲಭ. ಬೇರೆ ಕಾಯಿಲೆ, ಬೇರೆ ಔಷಧಿಯಿಂದಲೂ ಥೈರಾಯ್ಡ್ ಹಾರ್ಮೋನು ಟಿ4 ಇಳಿದಿರುತ್ತದೆ. ಅದೊಂದನ್ನೇ ನೋಡಿ ಮಾತ್ರೆ ಶುರುಮಾಡಬಾರದು. ಫ್ರೀ ಟಿ4 ಮತ್ತು ಥೈರಾಯ್ಡನ್ನು ನಡೆಸುವ ಹಾರ್ಮೋನು ಟಿಎಸ್‌ಎಚ್ ಪರೀಕ್ಷೆಗಳೂ ಜೊತೆಗೆ ಬೇಕು. ನಿಜವಾಗಿಯೂ ಇದ್ದರೆ ತೂಕ ಏರುವುದು, ಮೈ ಕೂದಲು ಉದುರುವುದು, ಮಂಕು ಇವೂ ಸಾಮಾನ್ಯವಾಗಿ ಕಾಣುತ್ತವೆ. ಅಂಥ ಹೆಣ್ಣನ್ನು ಸಂತಾನಕ್ಕೆ ಬಳಸುವುದೂ ಬೇಡ, ಏಕೆಂದರೆ ಕಾಯಿಲೆ ಮರಿಗಳಿಗೆ ದಾಟಬಹುದು.

ಹಾರ್ಮೋನ್ ಇಂಜೆಕ್ಷನ್ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕು. ಏಳು ತಿಂಗಳಿಗೊಮ್ಮೆ ತಾನಾಗಿ ಬೆದೆಗೆ ಬರುವ ಹೆಣ್ಣಿಗೆ ಬೆದೆ ತರಿಸುವ ಔಷಧಿ ಬೇಕಿಲ್ಲ. ಈಸ್ಟ್ರೊಜೆನ್ ಗರ್ಭಕೋಶದಲ್ಲಿ ಕೀವು ತುಂಬಿಸಬಲ್ಲದು, ಮೂಳೆಮಜ್ಜೆಯನ್ನೂ ಕೆಡಿಸಬಲ್ಲದು. 'ಗಬ್ಬ ನಿಲ್ಲಲಿ' ಎಂದು ಪ್ರೊಜೆಸ್ಟರಾನ್ ಕೊಟ್ಟರೆ, ಗಬ್ಬವಿಲ್ಲದಿದ್ದಾಗ ಅದೇ ಕೀವಿನ ಭಯ. ಗಬ್ಬವಿದ್ದಾಗ ಹೆಣ್ಣು ಮರಿಗಳ ಜನನಾಂಗ ಗಂಡಿನಂತೆ ಬೆಳೆಯಬಹುದು, ಹೆರಿಗೆ ತಡವಾಗಿ ಮರಿ ಒಳಗೇ ಸಾಯಬಹುದು. ಸ್ಕ್ಯಾನ್‌ನಲ್ಲಿ ಜೀವಂತ ಮರಿ ಕಂಡು, ವಾರವಾರದ ಪರೀಕ್ಷೆಯಲ್ಲಿ ಪ್ರೊಜೆಸ್ಟರಾನ್ ಅವಧಿಗೆ ಮೊದಲೇ 2ರತ್ತ ಜಾರುತ್ತಿದ್ದರೆ ಮಾತ್ರ ಅದರ ಪ್ರಶ್ನೆ ಏಳುತ್ತದೆ. ಆಗಲೂ ಜಾರಲು ಕಾರಣ ಮರಿಗಳೇ ಸಾಯುತ್ತಿರುವುದೋ ಎಂದು ಮೊದಲು ನೋಡಬೇಕು.

ನಿಮ್ಮ ಹೆಣ್ಣಿಗೆ ಹೊಂದದಿದ್ದರೂ ಬೇರೆ ಓದುಗರಿಗಾಗಿ ಎರಡು ಮಾತು. ಬೆದೆಯ ನಡುವಿನ ಅಂತರ ನಾಲ್ಕು ತಿಂಗಳಿಗಿಂತ ಕಡಿಮೆಯಾದರೆ ಗರ್ಭಕೋಶದ ಒಳಪದರ ದುರಸ್ತಿಯಾಗಿರುವುದಿಲ್ಲ, ಭ್ರೂಣ ಅಂಟುವುದಿಲ್ಲ. ಮೊದಲ ಬೆದೆಗಳಲ್ಲಿ ವಾರ ಹತ್ತು ದಿನ ರಕ್ತ ಕಂಡು ನಿಂತು, ಕೆಲವು ವಾರದ ಮೇಲೆ ಮತ್ತೆ ಶುರುವಾದರೆ ಅದು ಒಡೆದ ಬೆದೆ. ಅಂಡ ಬಿಡುವುದು ಎರಡನೆಯದರಲ್ಲಿ. ಎರಡು ವರ್ಷ ದಾಟಿದರೂ ಬೆದೆಯೇ ಬಾರದಿದ್ದರೆ, ಕೊಂಡುತಂದ ನಾಯಿಯಾದರೆ, ಮೊದಲೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದ್ದಾರೆಯೇ ಎಂದು ವಿಚಾರಿಸಿ. ನಗಬೇಡಿ, ಇದು ಆಗುತ್ತದೆ.

ನಿಮ್ಮ ಹೆಣ್ಣಿಗೆ ಬೆದೆ ಮುಗಿದ ತಿಂಗಳೊಳಗೆ ಗರ್ಭಕೋಶದ ಅಲ್ಟ್ರಾಸೌಂಡ್ ಒಮ್ಮೆ ಆಗಲಿ. ಪ್ರತಿ ಬೆದೆಯ ಪ್ರೊಜೆಸ್ಟರಾನ್‌ನಿಂದ ಒಳಪದರ ದಪ್ಪಗಾಗಿ ಚಿಕ್ಕ ಚಿಕ್ಕ ನೀರುಗುಳ್ಳೆಗಳಾಗುವುದು ವಯಸ್ಸಾದಂತೆ ಹೆಚ್ಚುತ್ತದೆ. ಇದು ಮರಿ ಹಾಕದ ಬೆದೆಯಲ್ಲೂ ನಡೆಯುತ್ತದೆ, ಆದ್ದರಿಂದ 'ಒಂದು ಬೆದೆ ಬಿಟ್ಟರೆ ಗರ್ಭಕೋಶಕ್ಕೆ ವಿಶ್ರಾಂತಿ' ಎಂಬ ಮಾತು ಅರ್ಧ ಸತ್ಯ. ಮೈಗೆ ವಿಶ್ರಾಂತಿ ಹೌದು, ಗರ್ಭಕೋಶಕ್ಕಲ್ಲ. ನಾಲ್ಕೂವರೆಗೆ ಇದು ತೀರಾ ಮುಂದುವರಿದಿರುವ ಸಾಧ್ಯತೆ ಕಡಿಮೆ. ಆರು ದಾಟಿದ ಮೇಲೆ ಮರಿಗಳ ಸಂಖ್ಯೆ ಇಳಿಯತೊಡಗುತ್ತದೆ.

ಹೀಗಾಗಿ ಬರಡು ಎನ್ನಲು ಈಗ ಆಧಾರವಿಲ್ಲ. ಬ್ರುಸೆಲ್ಲಾ ನೆಗೆಟಿವ್, ವೀರ್ಯದ ವರದಿ ಚೆನ್ನಾಗಿದೆ, ಪ್ರೊಜೆಸ್ಟರಾನ್ ನೋಡಿ ಕೂಡಿಸಿದ್ದೀರಿ, ಆದರೂ 28ನೇ ದಿನ ಗರ್ಭಕೋಶ ಖಾಲಿ ಎಂದು ಎರಡು ಬೆದೆಯಲ್ಲಿ ಆದರೆ ಆಗ ಒಳಪದರದ ಬಯಾಪ್ಸಿಯ ಮಾತಾಡಬಹುದು, ಇಲ್ಲವೇ ಅಲ್ಲಿಗೇ ನಿಲ್ಲಿಸಿ ಗರ್ಭಕೋಶ ತೆಗೆಸುವುದು ಒಳ್ಳೆಯದು. ಮರಿ ಕಂಡು ಆಮೇಲೆ ಕಂದು ಹಾಕಿದರೆ, ಬಿದ್ದದ್ದನ್ನು ಗ್ಲೌಸ್ ಹಾಕಿ ಎತ್ತಿ, ಮಾಸು ಸಹಿತ ಶುದ್ಧ ಡಬ್ಬಿಯಲ್ಲಿಟ್ಟು ತಣ್ಣಗಿಡಿ, ಫ್ರೀಜರಿಗೆ ಹಾಕಬೇಡಿ. ಅದೇ ದಿನ ಲ್ಯಾಬಿಗೆ ತಲುಪಿಸಿ.